ನಸುಕಿನ ಗರಡಿಯಲ್ಲಿ ಕೃಷ್ಣದೇವರಾಯ



ಈ ತಿಂಗಳ ಗೋಡೆ ಪತ್ರಿಕೆಗೆ ಒಬ್ಬ ಹೆಸರಾಂತ ವ್ಯಕ್ತಿಯ ಜೀವನ ಬರೆಯಬೇಕು ಅಂತ ಮೇಷ್ಟ್ರು ಹೇಳಿದಾಗ ಒಬ್ಬೊಬ್ಬರು ಒಂದೊಂದು ಹೆಸರು ಕೊಟ್ಟರು. ಗಾಂಧೀಜಿ, ಸುಭಾಷರು, ನಮ್ಮ ಪಕ್ಕದ ಉಡುತಡಿಯ ಅಕ್ಕಮಹಾದೇವಿ, ಎಲ್ಲ ಆಯ್ತು. ನಾನು ಶ್ರೀಕೃಷ್ಣದೇವರಾಯ ಅಂದೆ. ಅವನದು ಪಾಠದಲ್ಲೇ ಇದೆಯಲ್ಲ, ನೀನೇನು ಹೊಸದು ಬರೀತೀಯ ಅಂತ ಬೆಂಚಿನ ಗೆಳೆಯ ನಕ್ಕ. ನಿಜ, ಪಾಠದಲ್ಲಿ ಯುದ್ಧಗಳಿವೆ, ಅಷ್ಟದಿಗ್ಗಜರಿದ್ದಾರೆ, ಹಂಪಿಯ ದೇವಸ್ಥಾನಗಳಿವೆ. ಆದರೆ ಆ ರಾಜ ದಿನಾ ಕೋಳಿ ಕೂಗೋ ಹೊತ್ತಿಗೆ ಎದ್ದು ಏನು ಮಾಡ್ತಿದ್ದ ಅನ್ನೋದು ಪಾಠದಲ್ಲಿಲ್ಲ. ನನಗೆ ಬೇಕಾದದ್ದು ಅದೇ.

ಯಾಕೆ ಬೇಕಾಯ್ತು ಅಂದರೆ, ನಮ್ಮ ದೊಡ್ಡಪ್ಪನ ದೆಸೆಯಿಂದ. ದೊಡ್ಡಪ್ಪ ಒಂದು ಕಾಲಕ್ಕೆ ಒಳ್ಳೆ ಪೈಲ್ವಾನ. ನಮ್ಮ ಕಡೆ ಜಾತ್ರೆಯ ಬಯಲು ಕುಸ್ತಿ ಅಂದರೆ ಅವನ ಜೋಡಿ ನೋಡೋಕೆ ಜನ ಕಾಯ್ತಿದ್ದರಂತೆ. ನಲವತ್ತೈದು ದಾಟಿದ ಮೇಲೆ ಒಂದು ಜಾತ್ರೆಯಲ್ಲಿ ಇಪ್ಪತ್ತೆರಡರ ಹುಡುಗನೊಬ್ಬನ ಕೈಲಿ ಚಿತ್ ಆದ. ವಯಸ್ಸಾದವನಿಗೆ ಲಂಗೋಟಿ ಯಾಕೆ, ಮೊಮ್ಮಕ್ಕಳನ್ನ ಆಡಿಸ್ಕೊಂಡು ಇರಬಾರದಾ ಅಂತ ಯಾರೋ ಗುಂಪಿನಲ್ಲಿ ಕೂಗಿದರು. ಅವತ್ತಿನಿಂದ ಅವನು ಅಖಾಡಕ್ಕೆ ಇಳಿಯೋದಿರಲಿ, ಗರಡಿ ಮನೆಯ ಹೊಸ್ತಿಲು ತುಳಿಯೋದನ್ನೂ ಬಿಟ್ಟ. ಅವನ ಕರ್ಲಾ ಜೋಡಿ ನಮ್ಮ ಅಟ್ಟದ ಮೇಲೆ ಅಡಿಕೆ ಚೀಲದ ಹಿಂದೆ ಧೂಳು ತಿನ್ನುತ್ತಾ ಬಿದ್ದಿತ್ತು. ವಯಸ್ಸು ಆದ ಮೇಲೆ ಕುಸ್ತಿ ಬಿಡಲೇಬೇಕಾ, ಹಾಗಾದರೆ ಅದನ್ನ ಕಲಿಯೋದಾದರೂ ಯಾಕೆ, ಇದು ನನ್ನ ತಲೆಯಲ್ಲಿ ಕೊರೀತಾ ಇತ್ತು. ಶಾಲೆಯ ಪುಸ್ತಕದ ಬೀರುವಿನಲ್ಲಿ ವಿಜಯನಗರದ ಪುಸ್ತಕ ತೆಗೆದು ಓದುವಾಗ ಉತ್ತರ ಸಿಕ್ಕಿದ ಹಾಗಾಯ್ತು. ಅದನ್ನೇ ಇಲ್ಲಿ ಬರೀತಿದ್ದೇನೆ.

ಕೃಷ್ಣದೇವರಾಯ ತುಳುವ ವಂಶದವನು. ತಂದೆ ತುಳುವ ನರಸನಾಯಕ, ತಾಯಿ ನಾಗಲಾದೇವಿ. ಅಣ್ಣ ವೀರನರಸಿಂಹ, ಮಲತಾಯಿಯ ಮಗ, 1505ರಿಂದ 1509ರವರೆಗೆ ರಾಜನಾಗಿದ್ದ. ನ್ಯೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ರಾಯ ಸತ್ತ ಕೆಲವೇ ವರ್ಷಕ್ಕೆ ವಿಜಯನಗರದಲ್ಲಿದ್ದು, ಅಲ್ಲಿ ಕೇಳಿದ್ದನ್ನೆಲ್ಲ ಬರೆದಿಟ್ಟಿದ್ದಾನೆ. ಅವನು ಹೇಳುವ ಕತೆ ಇದು. ವೀರನರಸಿಂಹ ಸಾಯುವ ಕಾಲಕ್ಕೆ ತನ್ನ ಎಂಟು ವರ್ಷದ ಮಗನಿಗೆ ಪಟ್ಟ ಆಗಲಿ ಅಂತ ಬಯಸಿ, ತಮ್ಮ ಕೃಷ್ಣದೇವರಾಯನ ಕಣ್ಣು ಕೀಳಿಸಿ ತಂದು ತೋರಿಸು ಅಂತ ಮಂತ್ರಿ ಸಾಳ್ವ ತಿಮ್ಮರಸನಿಗೆ ಅಪ್ಪಣೆ ಮಾಡಿದ. ತಿಮ್ಮರಸ ಹುಡುಗನನ್ನು ಕುದುರೆ ಲಾಯಕ್ಕೆ ಕರೆದುಕೊಂಡು ಹೋಗಿ ವಿಷಯ ತಿಳಿಸಿದ. ತನಗೆ ರಾಜ್ಯ ಬೇಡ, ಜೋಗಿಯಾಗಿ ಎಲ್ಲಾದರೂ ಹೋಗಿಬಿಡ್ತೇನೆ ಅಂತ ಕೃಷ್ಣದೇವರಾಯ ಹೇಳಿದನಂತೆ. ತಿಮ್ಮರಸನಿಗೆ ಮನಸ್ಸು ಬರಲಿಲ್ಲ. ಆಡಿನ ಕಣ್ಣು ತಂದು ರಾಜನಿಗೆ ತೋರಿಸಿದ. ವೀರನರಸಿಂಹ ಕಣ್ಣು ಮುಚ್ಚಿದ ಮೇಲೆ ಕೃಷ್ಣದೇವರಾಯನನ್ನೇ ಸಿಂಹಾಸನದ ಮೇಲೆ ಕೂರಿಸಿದ. ಈ ಕಣ್ಣಿನ ವಿಷಯ ನೆನಪಿನಲ್ಲಿ ಇಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತದೆ.

1509ರಲ್ಲಿ ಪಟ್ಟ. 1510ರಲ್ಲಿ ಹಂಪಿ ವಿರೂಪಾಕ್ಷನ ಗುಡಿಗೆ ಗೋಪುರ ಮತ್ತು ರಂಗಮಂಟಪದ ಕೆಲಸ ಮಾಡಿಸಿದ್ದಕ್ಕೆ ಅಲ್ಲಿಯೇ ಶಾಸನ ಇದೆ. ಆಮೇಲಿನ ಹತ್ತು ವರ್ಷ ಅವನು ಕೂತದ್ದಕ್ಕಿಂತ ಕುದುರೆ ಮೇಲೆ ಇದ್ದದ್ದೇ ಹೆಚ್ಚು. ಉಮ್ಮತ್ತೂರಿನ ಪಾಳೆಯಗಾರನನ್ನು ಅಡಗಿಸಿದ. ಪೂರ್ವದಲ್ಲಿ ಒರಿಸ್ಸಾದ ಗಜಪತಿಯ ಮೇಲೆ ಹೋಗಿ ಉದಯಗಿರಿ ಕೋಟೆಗೆ ಮುತ್ತಿಗೆ ಹಾಕಿದ, ಅದು ಕೈಗೆ ಸಿಕ್ಕಿದ್ದು 1514ರಲ್ಲಿ. ಅಲ್ಲಿಂದ ಬಾಲಕೃಷ್ಣನ ಮೂರ್ತಿ ತಂದು ಹಂಪಿಯಲ್ಲಿ ಕೃಷ್ಣನ ಗುಡಿ ಕಟ್ಟಿಸಿದ. 1515ರಲ್ಲಿ ಕೊಂಡವೀಡು ಗೆದ್ದ. 1520ರಲ್ಲಿ ರಾಯಚೂರಿನಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲಶಾಹನ ಎದುರು ದೊಡ್ಡ ಯುದ್ಧ. ಮೊದಲು ವಿಜಯನಗರದ ಮುಂದಿನ ಸಾಲು ಫಿರಂಗಿ ಏಟಿಗೆ ಮುರಿದು ಹಿಂದಕ್ಕೆ ಓಡಿತು. ಆಗ ರಾಯ ತಾನೇ ಕುದುರೆ ಹತ್ತಿ ಮುಂದೆ ನುಗ್ಗಿದ, ಸೋತ ಯುದ್ಧ ಗೆದ್ದಿತು ಅಂತ ನ್ಯೂನಿಜ್ ಬರೆಯುತ್ತಾನೆ. ನಮ್ಮ ಸೊರಬ ಸೀಮೆಗೂ ಈ ರಾಜ್ಯಕ್ಕೂ ನಂಟಿದೆ. ಚಂದ್ರಗುತ್ತಿ ಕೋಟೆ ವಿಜಯನಗರದ ಅರಸರ ಆಳ್ವಿಕೆಗೆ ಸೇರಿತ್ತು. ಕೆಳದಿ ನಾಯಕರು ಶುರುವಾದದ್ದೂ ವಿಜಯನಗರದ ಸಾಮಂತರಾಗಿಯೇ.

ಇಷ್ಟು ಪಾಠದಲ್ಲೂ ಇದೆ. ಈಗ ಪಾಠದಲ್ಲಿ ಇಲ್ಲದ್ದಕ್ಕೆ ಬರ್ತೇನೆ.

1520ರ ಸುಮಾರಿಗೆ ದೊಮಿಂಗೊ ಪಾಯಿಸ್ ಅನ್ನೋ ಇನ್ನೊಬ್ಬ ಪೋರ್ಚುಗೀಸಿನವನು ವಿಜಯನಗರಕ್ಕೆ ಬಂದ. ಅವನು ರಾಯನನ್ನು ಕಣ್ಣಾರೆ ಕಂಡವನು. ಅವನ ಬರಹ ಮತ್ತು ನ್ಯೂನಿಜನ ಬರಹ ಎರಡೂ ಬಹಳ ಕಾಲ ಪ್ಯಾರಿಸ್ಸಿನಲ್ಲಿ ಹಸ್ತಪ್ರತಿಯಾಗಿ ಉಳಿದಿದ್ದವು. 1900ರಲ್ಲಿ ರಾಬರ್ಟ್ ಸಿವೆಲ್ ಎಂಬವರು ವಿಜಯನಗರದ ಬಗ್ಗೆ ಬರೆದ ಪುಸ್ತಕದಲ್ಲಿ ಎರಡನ್ನೂ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದರು. ಹಾಗಾಗಿ ನಮಗೆ ಸಿಕ್ಕಿತು.

ಪಾಯಿಸ್ ಕಂಡಂತೆ ರಾಯ ಸಿನಿಮಾದಲ್ಲಿ ತೋರಿಸುವ ಹಾಗೆ ಆರಡಿ ಆಳಲ್ಲ. ಎತ್ತರ ಸಾಧಾರಣ. ಬಣ್ಣ ಬೆಳ್ಳಗೆ. ತೆಳ್ಳಗಿಲ್ಲ, ಸ್ವಲ್ಪ ದಪ್ಪ ಅಂತಲೇ ಹೇಳಬೇಕು. ಮುಖದ ಮೇಲೆ ಸಿಡುಬಿನ ಕಲೆ. ಯಾವಾಗಲೂ ನಗುಮುಖ, ಪರದೇಶದವರು ಬಂದರೆ ಆದರದಿಂದ ಮಾತಾಡಿಸುವವನು. ನ್ಯಾಯದ ವಿಷಯದಲ್ಲಿ ಗಟ್ಟಿ. ಆದರೆ ಒಂದು ದೋಷ, ಇದ್ದಕ್ಕಿದ್ದ ಹಾಗೆ ಕೋಪ ನೆತ್ತಿಗೆ ಏರುತ್ತಿತ್ತು. ಇದನ್ನೂ ಪಾಯಿಸ್ ಮುಚ್ಚಿಡದೆ ಬರೆದಿದ್ದಾನೆ.

ಇನ್ನು ಅವನ ದಿನಚರಿ. ಬೆಳಕು ಹರಿಯುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ. ಪಾಯಿಸ್ ಹೇಳಿದ ಅಳತೆಯನ್ನು ಈಗಿನ ಲೆಕ್ಕಕ್ಕೆ ತಂದರೆ ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ. ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಳ್ಳುತ್ತಿದ್ದ. ಸೊಂಟಕ್ಕೆ ಸಣ್ಣ ಬಟ್ಟೆ ಒಂದೇ, ನಮ್ಮ ಲಂಗೋಟಿ ಇದ್ದ ಹಾಗೆ. ಆಮೇಲೆ ಮಣ್ಣಿನಿಂದ ಮಾಡಿದ ದೊಡ್ಡ ದೊಡ್ಡ ಭಾರಗಳನ್ನು ಎರಡೂ ಕೈಯಲ್ಲಿ ಎತ್ತುತ್ತಿದ್ದ. ಆಮೇಲೆ ಕತ್ತಿ ಹಿಡಿದು ವರಸೆ. ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೊರಗೆ ಬರುವವರೆಗೂ ಬಿಡುತ್ತಿರಲಿಲ್ಲ. ಅದಾದ ಮೇಲೆ ತನ್ನ ಪೈಲ್ವಾನರಲ್ಲಿ ಒಬ್ಬನ ಜೊತೆ ಕುಸ್ತಿ. ಅಷ್ಟಕ್ಕೇ ಮುಗಿಯಲಿಲ್ಲ. ಕುದುರೆ ಹತ್ತಿ ಬಯಲಿನಲ್ಲಿ ಆ ಕಡೆ ಈ ಕಡೆ ಓಡಿಸುತ್ತಿದ್ದ. ಇದೆಲ್ಲ ಮುಗಿಯೋ ಹೊತ್ತಿಗೆ ಬೆಳಗಾಗುತ್ತಿತ್ತು. ಆಮೇಲೆ ಸ್ನಾನ, ಅರಮನೆಯೊಳಗಿನ ಗುಡಿಯಲ್ಲಿ ಪೂಜೆ, ಆಮೇಲೆ ರಾಜ್ಯದ ಕೆಲಸ. ಒಂದು ದಿನವಲ್ಲ, ಎರಡು ದಿನವಲ್ಲ, ದಿನಾಲೂ ಇದೇ ರೂಢಿ.

ಸ್ನೇಹಿತರೇ, ಒಂದು ಮಾತು. ಇದನ್ನು ಓದಿ ಯಾರೂ ಎಳ್ಳೆಣ್ಣೆ ಬಾಟಲಿ ಎತ್ತಬೇಡಿ. ರಾಯನ ಮೈಗೆ ಒಗ್ಗಿದ್ದು ನಮ್ಮ ಹೊಟ್ಟೆಗೆ ಒಗ್ಗಲ್ಲ.

ನಾನು ಇಲ್ಲಿ ನಿಂತು ಲೆಕ್ಕ ಹಾಕಿದೆ. ಪಾಯಿಸ್ ನೋಡಿದಾಗ ರಾಯನಿಗೆ ಎಷ್ಟು ವಯಸ್ಸು? ಅವನು ಹುಟ್ಟಿದ್ದು 1471 ಅಂತ ಅನೇಕ ಪುಸ್ತಕದಲ್ಲಿದೆ. ಹಾಗಾದರೆ 1520ಕ್ಕೆ 49. ನ್ಯೂನಿಜ್ ಮಾತ್ರ ಪಟ್ಟ ಏರುವಾಗ ಇಪ್ಪತ್ತು ದಾಟಿತ್ತು ಅನ್ನುತ್ತಾನೆ. ಹಾಗಾದರೂ ಮೂವತ್ತು ದಾಟಿದ್ದಂತೂ ಖಂಡಿತ. ಯಾವ ಲೆಕ್ಕ ಹಿಡಿದರೂ ಪೈಲ್ವಾನರ ಹರೆಯ ಅಂತ ನಾವು ಹೇಳುವ ಕಾಲ ಮುಗಿದಿತ್ತು. ಪಟ್ಟ ಏರಿಯೇ ಹನ್ನೊಂದು ವರ್ಷ ಆಗಿತ್ತು. ಗೆಲ್ಲಬೇಕಾದ ಕೋಟೆ ಎಲ್ಲ ಗೆದ್ದಾಗಿತ್ತು. ಮೈಯಲ್ಲೂ ಸ್ವಲ್ಪ ಕೊಬ್ಬು ಸೇರಿತ್ತು. ಇನ್ನು ಮಣ್ಣಿಗಿಳಿದು ಯಾರಿಗೆ ಏನು ತೋರಿಸಬೇಕಾಗಿತ್ತು? ಯಾರಿಗೂ ಇಲ್ಲ. ಕತ್ತಲಲ್ಲಿ, ನೋಡುವ ಜನ ಇಲ್ಲದ ಹೊತ್ತಿನಲ್ಲಿ, ಚಪ್ಪಾಳೆ ಇಲ್ಲದ ಕಡೆ ಅವನು ಕುಸ್ತಿ ಆಡುತ್ತಿದ್ದ. ಇದು ನನಗೆ ಬಹಳ ಹಿಡಿಸಿತು.

ಜನ ನೋಡುವ ಕುಸ್ತಿ ಬೇರೆಯೇ ಇತ್ತು. ಮಹಾನವಮಿಯ ಒಂಬತ್ತು ದಿನ ರಾಜನ ಎದುರಿಗೆ ಪೈಲ್ವಾನರ ಜೋಡಿಗಳು ಇಳಿಯುತ್ತಿದ್ದವು. ಪಾಯಿಸ್ ಅದನ್ನೂ ನೋಡಿದ್ದಾನೆ. ಬರೀ ಪಟ್ಟು ಹಾಕುವುದಲ್ಲ, ಏಟೂ ಇತ್ತು. ಹಲ್ಲು ಉದುರುತ್ತಿತ್ತು, ಕಣ್ಣು ಹೋಗುತ್ತಿತ್ತು, ಮಾತು ನಿಂತವರನ್ನು ಗೆಳೆಯರು ಹೊತ್ತುಕೊಂಡು ಹೋಗುತ್ತಿದ್ದರು. ಸರಿಜೋಡಿ ನೋಡಿ ಬಿಡೋಕೆ, ಗೆದ್ದವನಿಗೆ ಮರ್ಯಾದೆ ಕೊಡೋಕೆ ಪಂಚರು ಇದ್ದರು. ರಾಜ್ಯದಲ್ಲಿ ಸಾವಿರ ಪೈಲ್ವಾನರು ಇದ್ದರು, ಕುಸ್ತಿ ಆಡುವ ಹೆಂಗಸರೂ ಇದ್ದರು ಅಂತ ನ್ಯೂನಿಜ್ ಬರೆದಿದ್ದಾನೆ. ಹಂಪಿಗೆ ಪ್ರವಾಸ ಹೋದಾಗ ಮಹಾನವಮಿ ದಿಬ್ಬದ ಕಲ್ಲಿನ ಮೇಲೆ ಆನೆ, ಕುದುರೆ, ಕುಣಿತದವರ ನಡುವೆ ಕುಸ್ತಿ ಜೋಡಿಗಳನ್ನು ನಾನೇ ನೋಡಿದ್ದೇನೆ. ನೀವು ಹೋದರೆ ಮೆಟ್ಟಿಲು ಹತ್ತುವ ಗಡಿಬಿಡಿಯಲ್ಲಿ ತಪ್ಪಿಸಿಕೊಳ್ಳಬೇಡಿ.

ಹೀಗೆ ಎರಡು ಥರದ ಕುಸ್ತಿ ಆಯ್ತು. ಒಂದು ಮಹಾನವಮಿಯದು, ಒಂದು ನಸುಕಿನದು. ಮೊದಲನೆಯದಕ್ಕೆ ಹರೆಯ ಬೇಕು. ಎರಡನೆಯದಕ್ಕೆ ಎದ್ದು ಹೋಗುವ ಮನಸ್ಸು ಬೇಕು. ನಮ್ಮೂರಿನ ಗರಡಿಯ ಉಸ್ತಾದರನ್ನು ಕೇಳಿದೆ. ಅವರಿಗೆ ಅರವತ್ತು ದಾಟಿದೆ, ಇನ್ನೂ ಮಟ್ಟಿಗೆ ಇಳಿಯುತ್ತಾರೆ. ಅವರು ಹೇಳಿದ್ದು ಇಷ್ಟು. ವಯಸ್ಸಾದ ಮೇಲೆ ಮೊದಲು ಹೋಗೋದು ವೇಗ, ಆಮೇಲೆ ದಮ್ಮು. ಹಿಡಿತ ಮತ್ತು ತೂಕ ಹಾಕುವ ಜಾಣತನ ಬಹಳ ಕಾಲ ಉಳಿಯುತ್ತದೆ. ಆದ್ದರಿಂದ ಹಾರಿ ಬೀಳಿಸುವ ಪಟ್ಟು ಬಿಟ್ಟು, ಎದುರಾಳಿ ತಾನಾಗಿ ಮುಂದೆ ಬಾಗೋವರೆಗೆ ಕಾಯುವ ಪಟ್ಟು ಹಿಡೀಬೇಕು. ಬೆವರು ಬರೋ ಮುಂಚೆ ಜೋಡಿಗೆ ನಿಲ್ಲಬಾರದು. ಬಸ್ಕಿ ನೂರು ಹೊಡೀತಿದ್ದವನು ಮೂವತ್ತಕ್ಕೆ ಇಳಿಸಬೇಕು, ಮಂಡಿ ನೋವು ಅಂದರೆ ನಿಲ್ಲಿಸಬೇಕು. ಕುತ್ತಿಗೆಯ ಮೇಲೆ ಭಾರ ಹೊರಬಾರದು. ಒಂದು ದಿನ ಹಿಡಿದರೆ ಮಾರನೇ ದಿನ ಮೈಗೆ ಬಿಡುವು ಕೊಡಬೇಕು. ಎಲ್ಲಕ್ಕಿಂತ ಮುಖ್ಯ, ಹುಡುಗರ ಜೊತೆ ಗೆಲ್ಲೋಕೆ ಆಡಬಾರದು, ಕಲಿಸೋಕೆ ಆಡಬೇಕು. ನೋವಾದ ತಕ್ಷಣ ಕೈ ತಟ್ಟಿ ಬಿಡು ಅನ್ನೋಕೆ ನಾಚಿಕೆ ಪಡಬಾರದು.

ರಾಯನ ದಿನಚರಿ ಮತ್ತೆ ನೋಡಿ. ಮೊದಲು ಎಣ್ಣೆ, ಆಮೇಲೆ ಭಾರ, ಆಮೇಲೆ ಕತ್ತಿ, ಬೆವರು ಇಳಿದ ಮೇಲೆಯೇ ಕುಸ್ತಿ. ಉಸ್ತಾದರ ಲೆಕ್ಕವೇ ಅಲ್ಲೂ ಇದೆ.

ನಮ್ಮ ನಾಡಿನಲ್ಲಿ ಇದನ್ನು ಹಿಂದಿನಿಂದಲೂ ಯೋಚಿಸಿದ್ದರು. ಕೃಷ್ಣದೇವರಾಯನಿಗಿಂತ ಸುಮಾರು 400 ವರ್ಷ ಮೊದಲು ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥ ಬರೆದ. ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಆ ಚಾಲುಕ್ಯರ ಕಾಲದಲ್ಲಿ ದೊಡ್ಡ ಪಟ್ಟಣ. ಆ ಗ್ರಂಥದಲ್ಲಿ ಮಲ್ಲವಿನೋದ ಅಂತ ಒಂದು ಭಾಗವೇ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ಬೇರೆ ಬೇರೆ ವರ್ಗ ಮಾಡಬೇಕು, ಅವರು ಯಾವ ವ್ಯಾಯಾಮ ಮಾಡಬೇಕು, ರಾಜ ಅವರಿಗೆ ಬೇಳೆ, ಮಾಂಸ, ಹಾಲು, ಸಕ್ಕರೆ ಕೊಡಬೇಕು ಅಂತೆಲ್ಲ ಅಲ್ಲಿದೆ. ಅಂದರೆ ಎಲ್ಲ ವಯಸ್ಸಿನವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಅನ್ನೋದು ಆಗಲೇ ಗೊತ್ತಿತ್ತು. ದೊಡ್ಡಪ್ಪನನ್ನು ಇಪ್ಪತ್ತೆರಡರ ಹುಡುಗನಿಗೆ ಜೋಡಿ ಕಟ್ಟಿದವರಿಗೆ ಇದು ಗೊತ್ತಿರಲಿಲ್ಲ ಅಷ್ಟೆ.

ಇತ್ತೀಚಿನ ಕಾಲದ ಒಂದು ಉದಾಹರಣೆಯನ್ನೂ ಹೇಳಿಬಿಡ್ತೇನೆ. ಗಾಮಾ ಪೈಲ್ವಾನನ ಹೆಸರು ನಿಮಗೆ ಗೊತ್ತು. ಹುಟ್ಟಿದ್ದು 1878. ಅವನು 1910ರಲ್ಲಿ ಲಂಡನ್ನಿಗೆ ಹೋಗಿ ಪೋಲೆಂಡಿನ ಜ್ಬಿಸ್ಕೊ ಜೊತೆ ಎರಡೂವರೆ ತಾಸು ಸೆಣಸಿದ. ಆದರೆ ಸೋಲು ಗೆಲುವು ತೀರ್ಮಾನ ಆಗಲಿಲ್ಲ. ಹದಿನೆಂಟು ವರ್ಷ ಬಿಟ್ಟು 1928ರಲ್ಲಿ ಪಟಿಯಾಲದಲ್ಲಿ ಅದೇ ಜೋಡಿ ಮತ್ತೆ ಎದುರಾಯ್ತು. ಇಬ್ಬರಿಗೂ ಐವತ್ತರ ಹತ್ತಿರ ಹತ್ತಿರ. ಗಾಮಾ ಒಂದು ನಿಮಿಷದೊಳಗೆ ಅವನನ್ನು ಚಿತ್ ಮಾಡಿದ. ಹರೆಯದಲ್ಲಿ ಎರಡೂವರೆ ತಾಸಿಗೆ ಆಗದ್ದು ಮುಪ್ಪಿನ ಬಾಗಿಲಲ್ಲಿ ಒಂದು ನಿಮಿಷಕ್ಕೆ ಆಯ್ತು. ನಡುವಿನ ಅಷ್ಟೂ ವರ್ಷ ಅವನು ದಂಡೆ ಬಸ್ಕಿ ಬಿಟ್ಟಿರಲಿಲ್ಲ.

ಈಗ ರಾಯನ ಕೊನೆಯ ದಿನಗಳಿಗೆ ಬರ್ತೇನೆ. ಇದನ್ನು ಬರೆಯೋಕೆ ನನಗೆ ಬೇಜಾರು. ಆದರೆ ಬಿಟ್ಟರೆ ಜೀವನ ಚರಿತ್ರೆ ಅರ್ಧ ಆಗ್ತದೆ.

ರಾಯ ಕೈಯಲ್ಲಿ ಕತ್ತಿ ಹಿಡಿದಷ್ಟೇ ಚೆನ್ನಾಗಿ ಕಂಠವನ್ನೂ ಹಿಡಿದವನು. ತೆಲುಗಿನಲ್ಲಿ ಆಮುಕ್ತಮಾಲ್ಯದ, ಸಂಸ್ಕೃತದಲ್ಲಿ ಜಾಂಬವತೀ ಕಲ್ಯಾಣ ಬರೆದ. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ್ದ ಕನ್ನಡ ಭಾರತವನ್ನು ತಿಮ್ಮಣ್ಣ ಕವಿ ಮುಂದುವರಿಸಿ ಮುಗಿಸಿದ್ದು ಇವನ ಆಶ್ರಯದಲ್ಲೇ. ವ್ಯಾಸರಾಯರನ್ನು ಗುರು ಅಂತ ಗೌರವಿಸಿದ. ನೀರಿಲ್ಲದ ಕಡೆ ಕೆರೆ ಕಟ್ಟಿಸಿದ. ಇಷ್ಟೆಲ್ಲ ಇದ್ದವನಿಗೆ ಒಬ್ಬ ಮಗ, ತಿರುಮಲ. ಆರು ವರ್ಷದ ಆ ಮಗುವಿಗೆ ತಾನು ಬದುಕಿರುವಾಗಲೇ ಪಟ್ಟ ಕಟ್ಟಿದ. ಸ್ವಲ್ಪ ದಿನದಲ್ಲೇ ಮಗು ಕಾಯಿಲೆ ಬಿದ್ದು ತೀರಿಕೊಂಡಿತು. ವಿಷ ಹಾಕಿದರು ಅಂತ ಸುದ್ದಿ ಹಬ್ಬಿತು. ತಿಮ್ಮರಸನ ಮಗನೇ ಹಾಕಿಸಿದ್ದು ಅನ್ನುವ ಮಾತು ರಾಯನ ಕಿವಿಗೆ ಬಿತ್ತು. ಪಾಯಿಸ್ ಬರೆದ ಆ ಇದ್ದಕ್ಕಿದ್ದ ಕೋಪ ಇದೆಯಲ್ಲ, ಅದು ಎದ್ದಿತು. ನ್ಯೂನಿಜ್ ಹೇಳುವಂತೆ ರಾಯ ತಿಮ್ಮರಸನನ್ನೂ ಅವನ ಮಕ್ಕಳನ್ನೂ ಸೆರೆಗೆ ಹಾಕಿದ, ಆಮೇಲೆ ಅವರ ಕಣ್ಣು ತೆಗೆಸಿದ.

ಯಾರ ಕಣ್ಣು? ಆಡಿನ ಕಣ್ಣು ತೋರಿಸಿ ಇವನ ಕಣ್ಣು ಉಳಿಸಿದ ಅದೇ ಮುದುಕನ ಕಣ್ಣು.

ಇದನ್ನು ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ದಿನಾ ಬೆಳಗ್ಗೆ ಪೈಲ್ವಾನನನ್ನು ಹಿಡಿದು ಕೆಡವುತ್ತಿದ್ದ ರಾಜನಿಗೆ ತನ್ನ ಕೋಪವನ್ನು ಒಂದು ದಿನ ಹಿಡಿದು ಕೆಡವೋಕೆ ಆಗಲಿಲ್ಲ. ಉಸ್ತಾದರಿಗೆ ಈ ಕತೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕುಸ್ತಿಯಲ್ಲಿ ಹಿಡಿಯೋದನ್ನ ಒಂದು ವರ್ಷದಲ್ಲಿ ಕಲಿಸಬಹುದು, ಬಿಡೋದನ್ನ ಕಲಿಯೋಕೆ ಮುದುಕ ಆಗಬೇಕು ಅಂದರು. ರಾಯನ ಜೊತೆ ಇಳಿಯುತ್ತಿದ್ದ ಪೈಲ್ವಾನರಲ್ಲಿ ಒಬ್ಬನಾದರೂ ರಾಜ ಅಂತ ನೋಡದೆ ಅವನನ್ನು ಎತ್ತಿ ಮಣ್ಣಿಗೆ ಹಾಕ್ತಿದ್ದನೋ ಇಲ್ಲವೋ ಅಂತಲೂ ಕೇಳಿದರು. ಸೋಲೋದು ರೂಢಿ ಇಲ್ಲದವನಿಗೆ ಸೋಲು ಬಂದಾಗ ಕಣ್ಣು ಕಾಣಲ್ಲ, ಗರಡಿಗೆ ಹೋಗೋದೇ ದಿನಕ್ಕೊಮ್ಮೆ ಬೀಳೋಕೆ ಅಂತ ಅವರ ಅಭಿಪ್ರಾಯ.

1528ರಲ್ಲಿ ರಾಯ ಹಂಪಿಯಲ್ಲಿ ಒಂದೇ ಬಂಡೆಯಲ್ಲಿ ಲಕ್ಷ್ಮೀನರಸಿಂಹನ ದೊಡ್ಡ ಮೂರ್ತಿ ಮಾಡಿಸಿದ. ಬೆಳಗಾವಿಯ ಮೇಲೆ ದಂಡು ಹೊರಡಿಸುವ ಸಿದ್ಧತೆಯಲ್ಲಿ ಇರುವಾಗ ಕಾಯಿಲೆ ಬಿದ್ದ. 1529ರಲ್ಲಿ ತೀರಿಕೊಂಡ. ತಮ್ಮ ಅಚ್ಯುತರಾಯ ಪಟ್ಟಕ್ಕೆ ಬಂದ. ಇಪ್ಪತ್ತು ವರ್ಷ ಆಳಿದ ಕೃಷ್ಣದೇವರಾಯನ ಕತೆ ಇಲ್ಲಿಗೆ ಮುಗಿಯಿತು.

ಈ ಲೇಖನದ ಕರಡನ್ನು ನಾನು ಮೊದಲು ಓದಿ ಹೇಳಿದ್ದು ದೊಡ್ಡಪ್ಪನಿಗೆ. ಅಡಿಕೆ ಸುಲಿಯುತ್ತಾ ಕೂತಿದ್ದವನು ತಲೆ ಎತ್ತಲಿಲ್ಲ. ಎಣ್ಣೆ ಕುಡಿಯೋ ಜಾಗದಲ್ಲಿ ಒಂದು ಸಲ ನಕ್ಕ. ತಿಮ್ಮರಸನ ಕಣ್ಣಿನ ಜಾಗ ಬಂದಾಗ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟ. ಏನೂ ಹೇಳಲಿಲ್ಲ. ಎಂಟು ದಿನ ಬಿಟ್ಟು ಅಟ್ಟದ ಮೇಲೆ ಸದ್ದಾಯ್ತು. ನೋಡಿದರೆ ಕರ್ಲಾ ಜೋಡಿ ಕೆಳಗೆ ಬಂದಿತ್ತು, ದೊಡ್ಡಪ್ಪ ಅದಕ್ಕೆ ಎಣ್ಣೆ ಬಟ್ಟೆಯಿಂದ ಒರೆಸ್ತಾ ಇದ್ದ. ಈಗ ವಾರಕ್ಕೆ ಮೂರು ದಿನ ಗರಡಿಗೆ ಹೋಗ್ತಾನೆ. ಜಾತ್ರೆಗೆ ಇಳಿಯಲ್ಲ ಅಂತ ಮೊದಲೇ ಹೇಳಿದ್ದಾನೆ. ಬಸ್ಕಿ ಮೂವತ್ತೇ. ಆಮೇಲೆ ನಮ್ಮಂಥ ಹುಡುಗರನ್ನು ಮಟ್ಟಿಗೆ ಇಳಿಸಿ ಪಟ್ಟು ಹೇಳಿಕೊಡ್ತಾನೆ. ಹೋದ ಶನಿವಾರ ನಾನು ಅವನ ಕಾಲಿಗೆ ಕೈ ಹಾಕಿ ಕೆಡವಿದೆ. ಎಲ್ಲರೂ ನೋಡ್ತಿದ್ದರು, ನನಗೆ ಭಯ ಆಯ್ತು. ಅವನು ಮಣ್ಣಲ್ಲೇ ಮಲಗಿ ಜೋರಾಗಿ ನಕ್ಕು, ಎಡಗೈ ಇನ್ನೂ ಸ್ವಲ್ಪ ಮೇಲೆ ಹಿಡಿಬೇಕಿತ್ತು ಅಂತ ತಿದ್ದಿದ.

ಗರಡಿ ಬಾಗಿಲು ಬೆಳಗ್ಗೆ ಐದೂವರೆಗೆ ತೆಗೀತದೆ. ಬರೋರು ಬನ್ನಿ, ನಿಮ್ಮ ಮನೆಯಲ್ಲಿ ಹಳೇ ಪೈಲ್ವಾನರು ಇದ್ದರೆ ಅವರನ್ನೂ ಕರೆದುಕೊಂಡು ಬನ್ನಿ.

ಇಂತಿ,
ಹತ್ತನೇ ತರಗತಿಯ ವಿದ್ಯಾರ್ಥಿ